ವಿನ್‌ಸ್ಲೋ ಹೋಮರ್ ಚಿತ್ರಕ್ಕೆ ಫ್ರೇಮ್ ಹಾಕಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕಡಲಿನ ಚಿತ್ರ ಇದೆ. ಬಂದವರು ಕಾಫಿ ಮುಗಿಸುವಷ್ಟರಲ್ಲಿ ಅದರ ಬಗ್ಗೆ ಏನಾದರೂ ಕೇಳುತ್ತಾರೆ. ಯಾರು ಬರೆದದ್ದು, ಎಲ್ಲಿ ಸಿಕ್ಕಿತು, ನಮಗೂ ಒಂದು ಬೇಕಲ್ಲ ಅಂತ. ಅದು ಅಮೆರಿಕದ ವಾಸ್ತವವಾದಿ ಚಿತ್ರಕಾರ ವಿನ್‌ಸ್ಲೋ ಹೋಮರ್ ಅವರ ಚಿತ್ರದ ಪ್ರಿಂಟ್. ಹೋಮರ್ ಚಿತ್ರಗಳನ್ನು ತರಿಸಿ, ಪ್ರಿಂಟ್ ಹಾಕಿಸಿ, ಒಂದೆರಡು ಹಾಳಾಗಿದ್ದನ್ನೂ ನೋಡಿ ನಾನು ತಿಳಿದುಕೊಂಡದ್ದು ಇಲ್ಲಿದೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಅಳತೆಯ ಪ್ರಶ್ನೆಯನ್ನಾದರೂ ಓದಿ. ಜಾಸ್ತಿ ಜನ ಎಡವುವುದು ಅಲ್ಲೇ.

ಹೋಮರ್ ಅಂದರೆ ಆ ಗ್ರೀಕ್ ಕವಿಯಾ?

ಅಲ್ಲ, ಹೆಸರು ಮಾತ್ರ ಒಂದೇ. ಇವರು ಹುಟ್ಟಿದ್ದು 1836ರಲ್ಲಿ, ಬಾಸ್ಟನ್‌ನಲ್ಲಿ. 19ನೇ ವಯಸ್ಸಿನಲ್ಲಿ ಅಲ್ಲೇ ಒಂದು ಕಲ್ಲಚ್ಚಿನ ಪ್ರೆಸ್ಸಿಗೆ ಕೆಲಸ ಕಲಿಯಲು ಸೇರಿದರು. ಆಮೇಲೆ 'ಹಾರ್ಪರ್ಸ್ ವೀಕ್ಲಿ' ಎಂಬ ವಾರಪತ್ರಿಕೆಗೆ ಚಿತ್ರ ಬರೆದುಕೊಟ್ಟರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಆಗ ಸೈನ್ಯದ ಬಿಡಾರಗಳಿಗೇ ಹೋಗಿ, ಸೈನಿಕರು ಹೇಗೆ ಕೂರುತ್ತಾರೆ, ಹೇಗೆ ಕಾಯುತ್ತಾರೆ ಅಂತ ನೋಡಿ ಬರೆದರು. 1881-82ರಲ್ಲಿ ಇಂಗ್ಲೆಂಡಿನ ಕಲರ್‌ಕೋಟ್ಸ್ ಎಂಬ ಮೀನುಗಾರರ ಊರಿನಲ್ಲಿದ್ದರು. 1883ರಿಂದ ಮೇನ್ ರಾಜ್ಯದ ಪ್ರೌಟ್ಸ್ ನೆಕ್ ಎಂಬ ಬಂಡೆಗಲ್ಲಿನ ಕಡಲತೀರದಲ್ಲಿ ನೆಲೆ ನಿಂತರು. ತೀರಿಕೊಂಡದ್ದೂ ಅಲ್ಲೇ, 1910ರಲ್ಲಿ.

ಅಂದರೆ ಇವರು ಅಚ್ಚುಮನೆಯಿಂದಲೇ ಬಂದ ಕಲಾವಿದ. ಅವರ ಚಿತ್ರದ ಪ್ರಿಂಟ್ ಗೋಡೆಗೆ ಹಾಕುವುದು ಕಡಿಮೆ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಪ್ರಿಂಟ್ ಅಂದರೆ ಒರಿಜಿನಲ್ಲಾ, ನಕಲಾ?

ಹೋಮರ್ ವಿಷಯದಲ್ಲಿ ಎರಡೂ ಇವೆ. ಕೊಳ್ಳುವ ಮುಂಚೆ ಯಾವುದು ಅಂತ ತಿಳಿದುಕೊಳ್ಳಿ.

ಮೊದಲನೆಯದು ಪತ್ರಿಕೆಯ ಹಾಳೆಗಳು. ಹೋಮರ್ ಚಿತ್ರ ಬರೆದುಕೊಡುತ್ತಿದ್ದರು, ಕೆತ್ತುವವರು ಅದನ್ನು ಮರದಲ್ಲಿ ಕೆತ್ತುತ್ತಿದ್ದರು, ಅದೇ ಅಚ್ಚಿನಿಂದ ಪತ್ರಿಕೆ ಪ್ರಿಂಟ್ ಆಗುತ್ತಿತ್ತು. ಶಾಲೆಯ ಮಕ್ಕಳು ಕೈ ಕೈ ಹಿಡಿದು ಓಡುವ 'ಸ್ನ್ಯಾಪ್ ದಿ ವಿಪ್' ಚಿತ್ರ 'ಹಾರ್ಪರ್ಸ್ ವೀಕ್ಲಿ'ಯಲ್ಲಿ 1873ರ ಸೆಪ್ಟೆಂಬರ್ 20ರಂದು ಬಂತು. ಆ ಹಳೆಯ ಹಾಳೆಗಳು ಇವತ್ತಿಗೂ ಮಾರಾಟಕ್ಕೆ ಸಿಗುತ್ತವೆ. ಪತ್ರಿಕೆ ಸಾವಿರಗಟ್ಟಲೆ ಪ್ರತಿ ಅಚ್ಚಾಗಿದ್ದರಿಂದ ಬೆಲೆಯೂ ಅವರ ಬೇರೆ ಕೃತಿಗಳ ಹಾಗೆ ಆಕಾಶದಲ್ಲಿಲ್ಲ. ಹಾಳೆಯನ್ನು ತಿರುಗಿಸಿ ನೋಡಿ. ಎಷ್ಟೋ ಹಾಳೆಗಳ ಹಿಂದೆ ಪತ್ರಿಕೆಯ ಸುದ್ದಿ, ಜಾಹೀರಾತು ಇರುತ್ತದೆ. ದೊಡ್ಡ ಚಿತ್ರಕ್ಕೆ ಸಣ್ಣ ಸಣ್ಣ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಕೆಲವು ಹಾಳೆಗಳಲ್ಲಿ ಆ ಜೋಡಣೆಯ ಸಂದು ಕೂದಲೆಳೆಯಂಥ ಬಿಳಿ ಗೆರೆಯಾಗಿ ಉಳಿದಿದೆ. ನನಗೆ ಆ ಗೆರೆ ನೋಡುವುದೇ ಒಂದು ಖುಷಿ.

ಎರಡನೆಯದು ಎಚಿಂಗ್. 1880ರ ದಶಕದ ಕೊನೆಯಲ್ಲಿ ಹೋಮರ್ ತಾವೇ ತಾಮ್ರದ ತಗಡಿನ ಮೇಲೆ ಗೀರಿ ಮಾಡಿದ ಕೆಲವು ಚಿತ್ರಗಳಿವೆ. 1887ರ 'ಏಯ್ಟ್ ಬೆಲ್ಸ್' ಅವುಗಳಲ್ಲೊಂದು. ಇವು ಮ್ಯೂಸಿಯಂ ಮತ್ತು ಹರಾಜಿನ ಮಟ್ಟದವು.

ಮೂರನೆಯದು ನಾವು ನೀವು ಹಾಕಿಸುವಂಥದ್ದು. ಎಣ್ಣೆಬಣ್ಣದ ಅಥವಾ ಜಲವರ್ಣದ ಚಿತ್ರದ ಫೋಟೋ ತೆಗೆದು, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಮಾಡಿದ್ದು. ಇದು ನಕಲೇ. ಒಳ್ಳೆಯ ನಕಲಾಗಿರಲಿ, ಅಷ್ಟೇ. ಇದಕ್ಕೆ 'ಲಿಮಿಟೆಡ್ ಎಡಿಷನ್' ಅಂತ ನಂಬರ್ ಹಾಕಿ ಬೆಲೆ ಏರಿಸಿದ್ದರೆ ಕೊಳ್ಳಬೇಡಿ. ಹೋಮರ್ ಆ ಹಾಳೆಯನ್ನು ಕಣ್ಣಿಂದಲೂ ನೋಡಿಲ್ಲ.

ಯಾರದ್ದೋ ಚಿತ್ರವನ್ನು ನಾವೇ ಪ್ರಿಂಟ್ ಹಾಕಿಸಬಹುದಾ? ಕಾಪಿರೈಟ್ ಇರುವುದಿಲ್ವಾ?

ಧೈರ್ಯವಾಗಿ ಹಾಕಿಸಿ. ಭಾರತದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಹೋಮರ್ ತೀರಿಕೊಂಡದ್ದು 1910ರಲ್ಲಿ. ಅಮೆರಿಕದಲ್ಲೂ ಈ ಚಿತ್ರಗಳು ಎಲ್ಲರಿಗೂ ಸೇರಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಇಂಥ ಚಿತ್ರಗಳ ಫೋಟೋಗಳನ್ನೂ ಯಾವ ಷರತ್ತಿಲ್ಲದೆ ಬಿಟ್ಟುಕೊಟ್ಟಿತು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯೂ ಕೊಡುತ್ತದೆ. ದುಡ್ಡು ಬೇಡ, ಅನುಮತಿಯೂ ಬೇಡ.

ಹಾಗಾದರೆ ಗೂಗಲ್‌ನಲ್ಲಿ ಸಿಕ್ಕ ಫೋಟೋ ಪ್ರಿಂಟ್ ಮಾಡಿಸಿದರೆ ಸಾಕಾ?

ಸಾಲದು. ಅಲ್ಲಿ ಸಿಗುವ ಎಷ್ಟೋ ಫೋಟೋಗಳಲ್ಲಿ ಬಣ್ಣವನ್ನು ಸುಮ್ನೆ ಏರಿಸಿರುತ್ತಾರೆ. ಹೋಮರ್ ಕಡಲು ಬೂದು, ಪಾಚಿ ಹಸಿರು, ಕಬ್ಬಿಣದ ಬಣ್ಣ. ಅದನ್ನು ಸ್ವಿಮ್ಮಿಂಗ್ ಪೂಲ್ ನೀಲಿ ಮಾಡಿರುವುದನ್ನು ನೋಡಿದ್ದೇನೆ. ಚಿತ್ರ ಯಾವ ಮ್ಯೂಸಿಯಂನಲ್ಲಿ ಇದೆಯೋ ಆ ಮ್ಯೂಸಿಯಂನ ವೆಬ್‌ಸೈಟಿನಿಂದಲೇ ಫೈಲ್ ಇಳಿಸಿಕೊಳ್ಳಿ.

ಆಮೇಲೆ ಪಿಕ್ಸೆಲ್ ಲೆಕ್ಕ. ಗೋಡೆಯ ಚಿತ್ರಕ್ಕೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. 28 ಇಂಚು ಅಗಲದ ಪ್ರಿಂಟ್ ಬೇಕೆಂದರೆ ಫೈಲಿನ ಅಗಲ 5600 ಪಿಕ್ಸೆಲ್ ಇರಬೇಕು. 4000 ಪಿಕ್ಸೆಲ್ ಮಾತ್ರ ಇದ್ದರೆ 20 ಇಂಚಿಗೆ ತೃಪ್ತಿಪಡಿ. ಫೋಟೋ ಅಂಗಡಿಯವರು ಫೈಲನ್ನು ದೊಡ್ಡದು ಮಾಡಿಕೊಡುತ್ತೇವೆ ಅನ್ನುತ್ತಾರೆ. ಆಗ ಅಳತೆ ಹೆಚ್ಚುತ್ತದೆ, ಚಿತ್ರದ ವಿವರ ಹೆಚ್ಚುವುದಿಲ್ಲ.

ಯಾವ ಅಳತೆಯಲ್ಲಿ ಮಾಡಿಸಬೇಕು? ಅಂಗಡಿಯಲ್ಲಿ 16×20 ಫ್ರೇಮ್ ರೆಡಿ ಇದೆಯಂತೆ.

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಹೋಮರ್ ಅವರ 'ದಿ ಗಲ್ಫ್ ಸ್ಟ್ರೀಮ್' 1899ರ ಚಿತ್ರ, ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗಲ್ಫ್ ಸ್ಟ್ರೀಮ್ ಅನ್ನುವುದು ಅಟ್ಲಾಂಟಿಕ್ ಕಡಲಿನ ಒಂದು ಪ್ರವಾಹದ ಹೆಸರು. ಸಣ್ಣ ದೋಣಿ, ಹಾಯಿ ಕಟ್ಟುವ ಕೂವೆಮರ ಮುರಿದಿದೆ. ದೋಣಿಯ ಮೇಲೆ ಮೊಣಕೈ ಊರಿಕೊಂಡು ಮಲಗಿರುವ ಒಬ್ಬ ಕಪ್ಪು ನಾವಿಕ. ಸುತ್ತ ಶಾರ್ಕ್‌ಗಳು. ಹಲಗೆಯ ಮೇಲೆ ಒಂದಿಷ್ಟು ಕಬ್ಬಿನ ಜಲ್ಲೆ. ಬಲಗಡೆ ದೂರದಲ್ಲಿ ಕಡಲಿಂದ ಮುಗಿಲಿಗೆ ಎದ್ದ ನೀರಿನ ಸುಳಿಗಂಬ. ಎಡ ಅಂಚಿನ ಹತ್ತಿರ, ಬಾನಂಚಿನಲ್ಲಿ, ಮಂಜಿನಲ್ಲಿ ಕರಗಿದ ಹಾಗೆ ಒಂದು ಹಡಗು. ನಾವಿಕ ಆ ಹಡಗಿನ ಕಡೆ ನೋಡುತ್ತಿಲ್ಲ. ಅವನ ಮುಖ ಇನ್ನೊಂದು ಕಡೆಗಿದೆ.

ಈ ಚಿತ್ರದ ಅಳತೆ 71.4 ಸೆಂ.ಮೀ. ಎತ್ತರ, 124.8 ಸೆಂ.ಮೀ. ಅಗಲ. ಅಂದರೆ ಅಗಲ ಎತ್ತರದ ಒಂದೂ ಮುಕ್ಕಾಲು ಪಟ್ಟು. 16×20 ಫ್ರೇಮಿನಲ್ಲಿ ಅಗಲ ಎತ್ತರದ ಒಂದೂ ಕಾಲು ಪಟ್ಟು ಮಾತ್ರ. ಫ್ರೇಮ್ ತುಂಬಬೇಕು ಅಂತ ಚಿತ್ರವನ್ನು ಕತ್ತರಿಸಿದರೆ ಅಗಲದಲ್ಲಿ ನೂರಕ್ಕೆ 28 ಭಾಗ ಹೋಗುತ್ತದೆ. ನಾನು ಮೊದಲ ಸಲ ಒಂದು ಅಂಗಡಿಯಿಂದ ತರಿಸಿದ ಪ್ರಿಂಟ್ ಹಾಗೇ ಆಗಿತ್ತು. ಪೊಟ್ಟಣ ಬಿಚ್ಚಿ ಗೋಡೆಗೆ ಒರಗಿಸಿ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಏನು ಅಂತ ತಿಳಿಯಲಿಲ್ಲ. ಫೋನಿನಲ್ಲಿ ಪೂರ್ತಿ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದಾಗ ಗೊತ್ತಾಯಿತು. ಹಡಗು ಇರಲಿಲ್ಲ. ಎಡಗಡೆಯಿಂದ ಕತ್ತರಿಸಿದ್ದರು. ಬಾನಂಚಿನ ಆ ಸಣ್ಣ ಬೂದು ಗುರುತು ಹೋದರೆ ನಾವಿಕನಿಗೆ ಇದ್ದ ಒಂದೇ ದಾರಿಯೂ ಹೋಯಿತಲ್ವಾ? ಅದು ಬೇರೆಯೇ ಚಿತ್ರವಾಯಿತು.

ಅದಕ್ಕೇ ನಾನು ಎಲ್ಲರಿಗೂ ಇದೊಂದನ್ನು ಒತ್ತಿ ಹೇಳುವುದು: ಚಿತ್ರದ ಅಳತೆಗೆ ಫ್ರೇಮ್ ಮಾಡಿಸಿ, ಫ್ರೇಮಿನ ಅಳತೆಗೆ ಚಿತ್ರ ಕತ್ತರಿಸಬೇಡಿ. ಹೋಮರ್ ಮುಖ್ಯವಾದದ್ದನ್ನು ಅಂಚಿನಲ್ಲಿ ಇಡುವ ಚಿತ್ರಕಾರ. 'ಸ್ನ್ಯಾಪ್ ದಿ ವಿಪ್'ನಲ್ಲಿ ಸಾಲಿನಿಂದ ಕಳಚಿ ಬಿದ್ದ ಇಬ್ಬರು ಹುಡುಗರು ಎಡ ತುದಿಯಲ್ಲಿದ್ದಾರೆ, ಆಟದ ಮಜಾ ಇರುವುದೇ ಅಲ್ಲಿ. 1865ರ 'ದಿ ವೆಟರನ್ ಇನ್ ಎ ನ್ಯೂ ಫೀಲ್ಡ್'ನಲ್ಲಿ ಒಬ್ಬ ರೈತ ನಮಗೆ ಬೆನ್ನು ಹಾಕಿ ಗೋಧಿ ಕೊಯ್ಯುತ್ತಿದ್ದಾನೆ. ಅವನು ಯುದ್ಧದಿಂದ ಮರಳಿದ ಸೈನಿಕ ಅಂತ ಹೇಳುವುದು ಬಲಗಡೆ ಕೆಳಗೆ ಬಿಚ್ಚಿಟ್ಟ ಸೈನ್ಯದ ಕೋಟು ಮತ್ತು ನೀರಿನ ಬಾಟಲಿ. ಅಷ್ಟು ಕತ್ತರಿಸಿದರೆ ಉಳಿಯುವುದು ಬರೀ ಗೋಧಿ ಕೊಯ್ಲು.

ಕತ್ತರಿ ಬೀಳದ ಅಳತೆಗಳು, ಇಂಚಿನಲ್ಲಿ, ಮೊದಲು ಅಗಲ, ಆಮೇಲೆ ಎತ್ತರ (ಇಲ್ಲಿ ಹೊಸದಾಗಿ ಬರುವ ಚಿತ್ರಗಳ ವಿಷಯ ಮುಂದಿದೆ): 'ಗಲ್ಫ್ ಸ್ಟ್ರೀಮ್'ಗೆ 28×16. 'ಬ್ರೀಜಿಂಗ್ ಅಪ್' ಮತ್ತು 'ವೆಟರನ್' ಎರಡಕ್ಕೂ 30×19. 'ನಾರ್ಥ್‌ಈಸ್ಟರ್'ಗೆ 29×20. ಸುತ್ತ ಎರಡೂವರೆಯಿಂದ ಮೂರು ಇಂಚು ಮೌಂಟ್, ಅಂದರೆ ಚಿತ್ರಕ್ಕೂ ಫ್ರೇಮಿಗೂ ನಡುವೆ ಕೂರುವ ರಟ್ಟಿನ ಅಂಚು, ಹಾಕಿಸಿ. ಇನ್ನೊಂದು ಮಾತು. ಪ್ರಿಂಟ್ ಹಾಕಿಸುವಾಗ ಚಿತ್ರದ ಸುತ್ತ ಒಂದು ಇಂಚು ಬಿಳಿ ಕಾಗದ ಉಳಿಸಲು ಹೇಳಿ. ಇಲ್ಲದಿದ್ದರೆ ಮೌಂಟಿನ ಅಂಚು ಚಿತ್ರದ ಮೇಲೆ ಕೂರುತ್ತದೆ.

ಮೊದಲ ಸಲ ಹಾಕಿಸುವವರಿಗೆ ಯಾವ ಚಿತ್ರ ಒಳ್ಳೆಯದು?

'ಬ್ರೀಜಿಂಗ್ ಅಪ್' ಹಾಕಿಸಿ. 1873ರಿಂದ 76ರವರೆಗೆ ಬರೆದದ್ದು, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಒಬ್ಬ ದೊಡ್ಡವರು, ಮೂವರು ಹುಡುಗರು, ಗಾಳಿಗೆ ಒಂದು ಮಗ್ಗುಲಿಗೆ ವಾಲಿದ ಹಾಯಿದೋಣಿ, ತಳದಲ್ಲಿ ಹಿಡಿದ ಮೀನು. ಹುಡುಗರು ವಾಲಿದ ಕಡೆಯ ಎದುರು ಮಗ್ಗುಲಿಗೆ ಹೇಗೆ ಮೈಭಾರ ಬಿಟ್ಟು ಕೂತಿದ್ದಾರೆ ನೋಡಿ. ದೋಣಿ ಹತ್ತಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಮೊದಲು ಹೋಮರ್ ನಾಲ್ಕನೆಯ ಹುಡುಗನನ್ನೂ ಬರೆದಿದ್ದರು. ಆಮೇಲೆ ಅವನ ಮೇಲೆ ಬಣ್ಣ ಬಳಿದು ತೆಗೆದುಬಿಟ್ಟರು. 1962ರಲ್ಲಿ ಅಮೆರಿಕದ ಅಂಚೆ ಇಲಾಖೆ ಇದೇ ಚಿತ್ರವನ್ನು 4 ಸೆಂಟಿನ ಸ್ಟ್ಯಾಂಪ್ ಮೇಲೆ ತಂದಿತ್ತು.

ಮಕ್ಕಳ ಕೋಣೆಗೆ 'ಸ್ನ್ಯಾಪ್ ದಿ ವಿಪ್'. ಇದು ಎಣ್ಣೆಬಣ್ಣದಲ್ಲಿ ಎರಡಿದೆ. ಓಹಾಯೊ ರಾಜ್ಯದ ಯಂಗ್ಸ್‌ಟೌನ್‌ನ ಬಟ್ಲರ್ ಮ್ಯೂಸಿಯಂನದ್ದು ದೊಡ್ಡದು, ಹಿಂದೆ ಬೆಟ್ಟ ಇದೆ. ಮೆಟ್ರೊಪಾಲಿಟನ್ನಿನದ್ದು ಚಿಕ್ಕದು, ಬೆಟ್ಟ ಇಲ್ಲ, ಬರೀ ಆಕಾಶ. ಆರ್ಡರ್ ಕೊಡುವಾಗ ಯಾವುದು ಅಂತ ಬಿಡಿಸಿ ಹೇಳಿ.

'ಗಲ್ಫ್ ಸ್ಟ್ರೀಮ್' ನನಗೆ ಇಷ್ಟ. ಶಾರ್ಕ್ ಇರುವ ಚಿತ್ರ ಮನೆಯಲ್ಲಿ ಬೇಡ ಅಂತ ಅಮ್ಮ ಹೇಳ್ತಾರೆ.

ಅಮ್ಮನ ಮಾತು ತೆಗೆದುಹಾಕುವಂಥದ್ದಲ್ಲ. ಈ ಚಿತ್ರ ಮೊದಲು ತೋರಿಸಿದಾಗಲೂ ನೋಡಿದವರು ಕಳವಳಪಟ್ಟರು. ಆ ಮನುಷ್ಯ ಬದುಕುತ್ತಾನಾ, ಅಂತ ಕೇಳಿದರು. ಹೋಮರ್ ಅವರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ನಾನು ಆ ಕಡಲ ಪ್ರವಾಹವನ್ನು ಹತ್ತು ಸಲ ದಾಟಿದ್ದೇನೆ, ಅದರ ಬಗ್ಗೆ ನನಗೆ ಸ್ವಲ್ಪ ಗೊತ್ತಿದೆ ಅಂತ ಬರೆದರು. ಚಿತ್ರವನ್ನು 1906ರಲ್ಲಿ ಮ್ಯೂಸಿಯಂ ಕೊಂಡಿತು.

ನನಗೆ ಅದರಲ್ಲಿ ಕಾಣುವುದು ಭಯ ಮಾತ್ರ ಅಲ್ಲ. ಆ ಕಾಲದ ಅಮೆರಿಕದ ಎಷ್ಟೋ ಚಿತ್ರಗಳಲ್ಲಿ ಕಪ್ಪು ಜನರನ್ನು ನಗೆಪಾಟಲು ಮಾಡಿ ಬರೆಯುತ್ತಿದ್ದರು. ಹೋಮರ್ ಇಲ್ಲಿ ಇಡೀ ಕಡಲಿನ ನಡುವೆ ಒಬ್ಬನನ್ನೇ ಕೂರಿಸಿ, ಅವನ ಮುಖಕ್ಕೆ ಗಾಂಭೀರ್ಯ ಕೊಟ್ಟಿದ್ದಾರೆ. ದೋಣಿಯ ಹಿಂಭಾಗದಲ್ಲಿ 'ಆನಾ, ಕೀ ವೆಸ್ಟ್' ಅಂತ ದೋಣಿಯ ಹೆಸರು, ಊರಿನ ಹೆಸರು ಬರೆದಿದೆ. ಅವನಿಗೊಂದು ಊರಿದೆ. ಆದರೂ ಊಟದ ಕೋಣೆಗೆ ಇದು ಬೇಡ, ಓದುವ ಕೋಣೆಯಲ್ಲಿ ಹಾಕಿ. ಕಡಲೂ ಬೇಕು, ಅಮ್ಮನಿಗೂ ಒಪ್ಪಿಗೆಯಾಗಬೇಕು ಅಂದರೆ 1895ರ 'ನಾರ್ಥ್‌ಈಸ್ಟರ್' ತೆಗೆದುಕೊಳ್ಳಿ. ಬಂಡೆ, ಅಲೆ, ನೊರೆ, ಅಷ್ಟೇ. ಮಳೆಗಾಲದಲ್ಲಿ ನಮ್ಮ ಕುಂದಾಪುರದ ಕಡೆ ಕಡಲು ನೋಡಿ ಬೆಳೆದವರಿಗೆ ಆ ಅಲೆಯ ತೂಕ ಮೈಗೇ ಗೊತ್ತಾಗುತ್ತದೆ.

ಕಾಗದವಾ, ಕ್ಯಾನ್ವಾಸಾ?

ಕಾಗದ. ಹೊಳಪಿಲ್ಲದ, ಹತ್ತಿಯ ದಪ್ಪ ಕಾಗದ, ಪಿಗ್ಮೆಂಟ್ ಇಂಕ್ (ಬಣ್ಣದ ಪುಡಿಯ ಕಣಗಳಿರುವ, ಬೇಗ ಮಾಸದ ಶಾಯಿ). ಜಲವರ್ಣಕ್ಕಂತೂ ಬೇರೆ ಯೋಚನೆಯೇ ಬೇಡ. ಹೋಮರ್ ಅದನ್ನು ಬರೆದದ್ದೇ ಕಾಗದದ ಮೇಲೆ. ಕ್ಯಾನ್ವಾಸ್ ಬೇಕೇ ಬೇಕು ಅಂದರೆ ಮರದ ಚೌಕಟ್ಟಿನ ಪಕ್ಕಕ್ಕೆ ಚಿತ್ರವನ್ನು ಮಡಚಬೇಡಿ ಅಂತ ಮೊದಲೇ ಹೇಳಿ. ಮಡಚಿದರೆ ನಾಲ್ಕೂ ಕಡೆ ಒಂದೂವರೆ ಇಂಚು ಗೋಡೆಯ ಕಡೆ ತಿರುಗಿಕೊಳ್ಳುತ್ತದೆ. ಮತ್ತೆ ಅದೇ ಹಡಗಿನ ಕಥೆ.

ಮೌಂಟ್ ಹಾಕಿಸಲೇಬೇಕಾ? ದುಡ್ಡು ಉಳಿಸಬಹುದಲ್ಲಾ?

ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ. ಮೌಂಟ್ ಅಂದದ ವಿಷಯ ಮಾತ್ರ ಅಲ್ಲ. ಗಾಜು ಪ್ರಿಂಟಿಗೆ ತಾಗದ ಹಾಗೆ ನಡುವೆ ಜಾಗ ಬಿಡುವುದು ಅದು.

ಊರ ಮನೆಯಲ್ಲಿ ಒಂದು 'ಬ್ರೀಜಿಂಗ್ ಅಪ್' ಹಾಕಿದ್ದೆ. ಫ್ರೇಮ್ ಅಂಗಡಿಯವರು ಮೌಂಟ್ ಇಲ್ಲದೆ, ಗಾಜನ್ನು ನೇರ ಪ್ರಿಂಟ್ ಮೇಲೆ ಕೂರಿಸಿದ್ದರು. ನನಗೂ ಆಗ ಗೊತ್ತಿರಲಿಲ್ಲ. ಮೂರನೇ ಮಳೆಗಾಲ ಮುಗಿದಾಗ ಆಕಾಶದಲ್ಲಿ ಒದ್ದೆ ಬೆರಳು ಒತ್ತಿದಂಥ ಕಲೆ ಕಾಣಿಸಿತು. ಫ್ರೇಮ್ ಬಿಚ್ಚಿ, ಗಾಜನ್ನು ನಿಧಾನಕ್ಕೆ ಎತ್ತಿದೆ. ಪ್ರಿಂಟ್ ಜೊತೆಗೇ ಎದ್ದಿತು. ಇನ್ನಷ್ಟು ಎಳೆದಾಗ ಮೋಡದ ಭಾಗ ಗಾಜಿಗೇ ಅಂಟಿಕೊಂಡು ಬಂತು, ಕಾಗದದಲ್ಲಿ ಬಿಳಿ ನಾರು ಉಳಿಯಿತು. ಹುಡುಗರು ಮಾತ್ರ ಹಾಗೇ ಇದ್ದರು.

ಆಸಿಡ್ ಫ್ರೀ ಮೌಂಟ್ ಬೋರ್ಡ್ ಕೇಳಿ. ಸಾಧಾರಣ ಬೋರ್ಡ್ ವರ್ಷಗಳು ಕಳೆದಂತೆ ಹಳದಿಯಾಗಿ, ಆ ಕಲೆ ಪ್ರಿಂಟಿಗೂ ಇಳಿಯುತ್ತದೆ. ಪ್ರಿಂಟನ್ನು ಹಿಂದಿನ ಹಲಗೆಗೆ ಪೂರ್ತಿ ಗೋಂದು ಬಳಿದು ಅಂಟಿಸುವುದು ಬೇಡ. ಸೆಲ್ಲೋಟೇಪ್ ಸಹ ಬೇಡ. ಮೇಲಂಚಿನಲ್ಲಿ ಎರಡು ಕಡೆ ಕಾಗದದ ಪಟ್ಟಿಯಿಂದ ತೂಗುಬಿಟ್ಟರೆ ಸಾಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಆಡಲು ಜಾಗ ಬೇಕು.

ಫ್ರೇಮಿನ ಬಣ್ಣ?

ಸಾಗುವಾನಿ ಅಥವಾ ಬೇರೆ ಮರದ ಸಹಜ ಬಣ್ಣ, ಇಲ್ಲವೇ ಕಪ್ಪು. ಒಂದರಿಂದ ಒಂದೂವರೆ ಇಂಚು ಅಗಲ. ಮೌಂಟ್ ಮಾಸಲು ಬಿಳಿ ಇರಲಿ. ಹೂಬಳ್ಳಿ ಕೆತ್ತಿದ ಚಿನ್ನದ ಬೀಡಿಂಗ್ ಹಾಕಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬಿಸಿಲಿಗೆ ಬಣ್ಣ ಹೋಗುತ್ತದಾ?

ಹೋಗುತ್ತದೆ. ಹೋಮರ್ ಕೈಯಾರೆ ಬರೆದ ಚಿತ್ರಗಳಲ್ಲೇ ಹೋಗಿದೆ. 1887ರ 'ಫಾರ್ ಟು ಬಿ ಎ ಫಾರ್ಮರ್ಸ್ ಬಾಯ್' ಎಂಬ ಜಲವರ್ಣ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಅದರ ಆಕಾಶ ಇವತ್ತು ಹೆಚ್ಚೂಕಡಿಮೆ ಬಿಳಿ. ತಜ್ಞರು ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷೆ ಮಾಡಿದಾಗ, ಅಲ್ಲಿ ಒಂದು ಕಾಲದಲ್ಲಿ ಕೆಂಪು ಸಂಜೆ ಇತ್ತು ಅಂತ ತಿಳಿಯಿತು. ಕಾಚಿನೀಲ್ ಹುಳದಿಂದ, ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆದ ಕೆಂಪು ಬಣ್ಣಗಳು ಬೆಳಕಿಗೆ ಮಾಸಿಹೋಗಿದ್ದವು. ಒಂದಿಡೀ ಸೂರ್ಯಾಸ್ತ ಹೋಗಿದೆ. ಹೋಮರ್ ಜಲವರ್ಣಗಳನ್ನು ಮ್ಯೂಸಿಯಂಗಳು ಸದಾ ಗೋಡೆಯ ಮೇಲೆ ಇಡದಿರುವುದೂ ಇದೇ ಕಾರಣಕ್ಕೆ.

ಪಿಗ್ಮೆಂಟ್ ಇಂಕ್ ಆ ಹಳೆಯ ಕೆಂಪಿಗಿಂತ ಗಟ್ಟಿ. ಆದರೂ ಪಡುವಣ ಕಿಟಕಿಯ ಎದುರು ಗೋಡೆ ಬೇಡ. ಯುವಿ ತಡೆಯುವ ಗಾಜು ಮಾಸುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೂಷ್ಟು ಬರದ ಹಾಗೆ ಏನು ಮಾಡಬೇಕು?

ಹೊರಗೋಡೆ ಬಿಟ್ಟು ಒಳಗೋಡೆಗೆ ಹಾಕಿ. ಮಳೆ ಬಡಿಯುವ ಗೋಡೆ ಒಳಗಿಂದ ಒಣಗಿದ ಹಾಗೆ ಕಂಡರೂ ಥಂಡಿ ಇರುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಅಥವಾ ಕಾರ್ಕ್ ಬಿಲ್ಲೆ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಹಿಂಬದಿಯ ಸಂದುಗಳನ್ನು ಕಾಗದದ ಟೇಪಿನಿಂದ ಮುಚ್ಚಿಸಿ. ಕಾಗದ ತಿನ್ನುವ ಹುಳ ಒಳಗೆ ಹೋಗುವುದು ಅಲ್ಲಿಂದಲೇ. ಗೆದ್ದಲಿನ ಕಾಟ ಇರುವ ಮನೆಯಲ್ಲಿ ಮರದ ಬದಲು ಅಲ್ಯೂಮಿನಿಯಂ ಫ್ರೇಮ್ ಒಳ್ಳೆಯದು. ಸೋನೆ ಮಳೆ ಹಿಡಿದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಇಳಿಸಿ ಹಿಂಬದಿ ಮುಟ್ಟಿ ನೋಡಿ.

ಅಡುಗೆಮನೆಯಲ್ಲಿ ಹಾಕಬಹುದಾ?

ಬೇಡ. ಒಗ್ಗರಣೆಯ ಜಿಡ್ಡು ಗಾಜಿನ ಸಂದಿಗೂ ಹೋಗುತ್ತದೆ.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಂದ ಫ್ರೇಮ್ ಸಮೇತ ತರಿಸಲಾ?

ಪ್ರಿಂಟ್ ಮಾತ್ರ ತರಲು ಹೇಳಿ, ಫ್ರೇಮ್ ಇಲ್ಲೇ ಮಾಡಿಸಿ. ಗಾಜು ವಿಮಾನದಲ್ಲಿ ಒಡೆದರೆ ಮೊದಲು ಗೀರುವುದು ಪ್ರಿಂಟನ್ನೇ. ಕನಿಷ್ಠ ನಾಲ್ಕು ಇಂಚು ವ್ಯಾಸದ ಗಟ್ಟಿ ರಟ್ಟಿನ ಕೊಳವೆಯಲ್ಲಿ, ತೆಳು ಕಾಗದ ಇಟ್ಟು ಸಡಿಲವಾಗಿ ಸುರುಳಿ ಮಾಡಬೇಕು. ಇಲ್ಲಿ ಬಂದ ಕೂಡಲೇ ಬಿಚ್ಚಿ, ಮೇಲೆ ಶುಭ್ರವಾದ ಕಾಗದ ಮತ್ತು ದಪ್ಪ ಪುಸ್ತಕ ಹೇರಿ ಎರಡು ದಿನ ಬಿಡಿ. ಸುರುಳಿ ಬಿಟ್ಟು ಕಾಗದ ಚಪ್ಪಟೆಯಾದ ಮೇಲೆ ಫ್ರೇಮಿಗೆ ಕೊಡಿ.

ಮಗಳ ಹತ್ತಿರ ಹೋಗುವ ಯೋಗ ಇದ್ದರೆ ನ್ಯೂಯಾರ್ಕ್ ಪಕ್ಕದಲ್ಲೇ ಇದೆ. ಮೆಟ್ರೊಪಾಲಿಟನ್ನಿನಲ್ಲಿ ಒಂದು ಅರ್ಧ ದಿನ ಹೋಮರ್ ಅವರಿಗಾಗಿಯೇ ಇಡಿ. ಮೇನ್‌ವರೆಗೂ ಹೋಗುವಿರಾದರೆ ಪ್ರೌಟ್ಸ್ ನೆಕ್‌ನ ಅವರ ಸ್ಟುಡಿಯೋವನ್ನು ಪೋರ್ಟ್‌ಲೆಂಡ್ ಮ್ಯೂಸಿಯಂ ಆಫ್ ಆರ್ಟ್ ಕೊಂಡು, ರಿಪೇರಿ ಮಾಡಿ, 2012ರಲ್ಲಿ ಜನರಿಗೆ ತೆರೆದಿದೆ. ಎರಡು ಕಡೆಯೂ ಹೋಗುವ ಮುಂಚೆ ನೀವು ನೋಡಬೇಕೆಂದಿರುವುದು ಆ ದಿನ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ಪ್ರಿಂಟ್ ತುಂಬಾ ಕಪ್ಪಾಗಿ ಬಂದಿದೆ. ಫೈಲಿನ ತಪ್ಪಾ?

ಹೆಚ್ಚಾಗಿ ಅಲ್ಲ. ಫೋನಿನ ಪರದೆ ಒಳಗಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪೂರ್ತಿ ಪ್ರಿಂಟ್ ತೆಗೆಯುವ ಮುಂಚೆ ಚಿತ್ರದ ಅತಿ ಕಪ್ಪಾದ ಜಾಗದ್ದೊಂದು ಪಟ್ಟಿಯನ್ನು ಮಾತ್ರ ಪ್ರಿಂಟ್ ಹಾಕಿಸಿ ನೋಡಿ. 'ವೆಟರನ್' ಆದರೆ ಬಲ ಕೆಳಮೂಲೆ. ಆ ಕೋಟು, ಬಾಟಲಿ ಬೇರೆ ಬೇರೆಯಾಗಿ ಕಂಡರೆ ಸರಿ. ಎರಡೂ ಕೂಡಿ ಒಂದೇ ಕಪ್ಪು ಮುದ್ದೆಯಾದರೆ ಸ್ವಲ್ಪ ತಿಳಿ ಮಾಡಿಸಿ.

ಎಷ್ಟು ಎತ್ತರಕ್ಕೆ ತೂಗುಹಾಕಬೇಕು? ಗಾಜು ಒರೆಸುವುದು ಹೇಗೆ?

ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿಯಲ್ಲಿರಲಿ. ಕುಳಿತೇ ನೋಡುವ ಜಾಗವಾದರೆ ಇನ್ನೂ ಅರ್ಧ ಅಡಿ ಕೆಳಗೆ. ದೇವರ ಪಟದ ಹಾಗೆ ಬಾಗಿಲ ಮೇಲೆ ಹಾಕಿದರೆ ಬಾನಂಚಿನ ಹಡಗು ಯಾರಿಗೂ ಕಾಣುವುದಿಲ್ಲ. ಒಂದು ಮೊಳೆಯ ಬದಲು ಎರಡು ಹೊಡೆಸಿ, ಫ್ಯಾನ್ ಗಾಳಿಗೆ ವಾಲುವುದಿಲ್ಲ. ಗಾಜು ಒರೆಸುವಾಗ ನೀರನ್ನಾಗಲಿ ಸ್ಪ್ರೇಯನ್ನಾಗಲಿ ಗಾಜಿನ ಮೇಲೆ ಹಾಕಬೇಡಿ. ಹನಿ ಕೆಳಗಿಳಿದು ಫ್ರೇಮಿನ ಸಂದಿಯಿಂದ ಮೌಂಟಿಗೆ ಸೇರುತ್ತದೆ. ಬಟ್ಟೆಯನ್ನು ತುಸು ಒದ್ದೆ ಮಾಡಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿಗೆ ಒಂದು ಬೆರಳು ಮುಂಚೆ ನಿಲ್ಲಿಸಿ, ಉಳಿದದ್ದನ್ನು ಒಣ ಬಟ್ಟೆಯಲ್ಲಿ ಮುಗಿಸಿ.